ತೂರಾಡುವ ನಡಿಗೆಗೆ ‘ಎಚ್‌ಐವಿ’ ಎಂಬ ಒಂದೇ ಉತ್ತರ ಸಾಲದು

ಪ್ರಶ್ನೆ: ನನ್ನ ತಮ್ಮನಿಗೆ 46 ವರ್ಷ. 2009ರಿಂದ ಎಚ್‌ಐವಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಕಳೆದ ವರ್ಷದ ಪರೀಕ್ಷೆಯಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲಿತ್ತು, ರೋಗನಿರೋಧಕ ಕಣಗಳ ಲೆಕ್ಕವಾದ ಸಿಡಿ4 ಎಣಿಕೆ 430 ಇತ್ತು. ಐದಾರು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಕೂಡ ನುಂಗುತ್ತಾನೆ. ಈಗ ಐದು ತಿಂಗಳಿಂದ ಅವನ ನಡಿಗೆ ಕೆಟ್ಟಿದೆ. ಕತ್ತಲಾದರೆ ಗೋಡೆ ಹಿಡಿದೇ ನಡೆಯುತ್ತಾನೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ಕುಡಿಯುವುದನ್ನು ಬಿಟ್ಟು ಹತ್ತು ವರ್ಷವಾದರೂ, ನೋಡಿದವರು ಕುಡಿದಿದ್ದಾನೆ ಎಂದು ಆಡಿಕೊಳ್ಳುತ್ತಾರೆ. ಒಬ್ಬ ವೈದ್ಯರು ‘ಎಚ್‌ಐವಿ ಇದ್ದವರಿಗೆ ಹೀಗೆಲ್ಲ ಆಗುತ್ತದೆ’ ಎಂದು ಬಿ12 ಚುಚ್ಚುಮದ್ದು ಬರೆದುಕೊಟ್ಟು ಕಳಿಸಿದರು. ಇದು ಎಚ್‌ಐವಿ ಮೆದುಳಿಗೆ ಏರಿದ್ದರಿಂದಲೇ? ಅಥವಾ ಮಾತ್ರೆಯ ಅಡ್ಡಪರಿಣಾಮವೇ? ಕೆಲವು ದಿನ ಮಾತ್ರೆ ನಿಲ್ಲಿಸಿ ನೋಡಬಹುದೇ? ಕೊನೆಗೆ ಅವನು ಹಾಸಿಗೆ ಹಿಡಿಯುತ್ತಾನೆಯೇ?

ಉತ್ತರ: ಮೊದಲು ಮಾತ್ರೆ ನಿಲ್ಲಿಸುವ ವಿಚಾರ, ಏಕೆಂದರೆ ಅದು ಕಾಯುವಂತಿಲ್ಲ. ಎಚ್‌ಐವಿ ಮಾತ್ರೆಯನ್ನು ಒಂದು ದಿನದ ಮಟ್ಟಿಗೂ ನಿಲ್ಲಿಸಿ ನೋಡಬೇಡಿ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ವೈರಸ್ ರಕ್ತದಲ್ಲಿ ಮತ್ತೆ ತಲೆಯೆತ್ತುತ್ತದೆ. ಈಗ ಹುಡುಕಬೇಕಾಗಿರುವ ಕಾರಣಗಳ ಸಾಲಿಗೆ ಇನ್ನಷ್ಟು ಅಪಾಯಕಾರಿ ಸೋಂಕುಗಳು ಬಂದು ಸೇರುತ್ತವೆ. ಯಾವುದೋ ಔಷಧಿಯಿಂದಲೇ ತೊಂದರೆಯಾಗುತ್ತಿದೆ ಎಂದು ಖಚಿತವಾದರೆ ಅದರ ಬದಲು ಬೇರೆಯದನ್ನು ಕೊಡಲು ದಾರಿಗಳಿವೆ. ಬದಲಾಯಿಸುವುದು ಬೇರೆ, ಬಿಡುವುದು ಬೇರೆ.

ಇನ್ನು ‘ಎಚ್‌ಐವಿ ಇದ್ದವರಿಗೆ ಹೀಗೆಲ್ಲ ಆಗುತ್ತದೆ’ ಎಂಬ ಮಾತು. ನರರೋಗಗಳ ಹೊರರೋಗಿ ವಿಭಾಗದಲ್ಲಿ ಕುಳಿತ ಇಷ್ಟು ವರ್ಷಗಳಲ್ಲಿ ಈ ಮಾತನ್ನು ಹೊತ್ತುಕೊಂಡು ಬಂದ ಎಷ್ಟೋ ಜನರನ್ನು ಕಂಡಿದ್ದೇನೆ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ತೂರಾಟ ಎಂಬುದು ರೋಗದ ಹೆಸರಲ್ಲ, ಲಕ್ಷಣ. ಅದರ ಹಿಂದೆ ಹತ್ತಾರು ಕಾರಣಗಳಿರಬಹುದು. ಅವುಗಳಲ್ಲಿ ಹಲವು ಗುಣವಾಗುವಂಥವು, ಕೆಲವು ಬೇಗ ಹಿಡಿದರೆ ಮಾತ್ರ ಗುಣವಾಗುವಂಥವು. ಎಚ್‌ಐವಿಯ ಹೆಸರು ಹೇಳಿ ಕೈತೊಳೆದುಕೊಂಡರೆ ಹುಡುಕಾಟ ಅಲ್ಲಿಗೇ ನಿಂತುಹೋಗುತ್ತದೆ. ನಿಮ್ಮ ತಮ್ಮನ ವಿಷಯದಲ್ಲಿ ಆಗಿರುವುದೂ ಅದೇ.

ಹುಡುಕಾಟಕ್ಕೆ ಎರಡು ಪ್ರಶ್ನೆಗಳು ಸಾಕು: ತೊಂದರೆ ಎಷ್ಟು ವೇಗವಾಗಿ ಬಂತು, ಮತ್ತು ಅದು ಎಲ್ಲಿದೆ?

ನಾವು ಒಂದು ಹೆಜ್ಜೆ ಎತ್ತಿಡಬೇಕಾದರೆ ದೇಹದ ಐದು ಕಡೆ ಕೆಲಸ ನಡೆಯಬೇಕು. ಮೆದುಳಿನ ಹೊರಪದರ ಆಜ್ಞೆ ಕೊಡುತ್ತದೆ. ಮೆದುಳಿನ ಆಳದಲ್ಲಿರುವ ತಳಗಂಟುಗಳು ಚಲನೆಯ ವೇಗವನ್ನು ನಿಭಾಯಿಸುತ್ತವೆ. ತಲೆಯ ಹಿಂಭಾಗದಲ್ಲಿರುವ ಕಿರುಮೆದುಳು ಚಲನೆಯ ಗುರಿ ತಪ್ಪದಂತೆ ತಿದ್ದುತ್ತದೆ. ಬೆನ್ನುಹುರಿ ಸುದ್ದಿಯನ್ನು ಮೇಲೆ ಕೆಳಗೆ ಒಯ್ಯುತ್ತದೆ. ಕೊನೆಗೆ ಕೈಕಾಲಿನ ನರ ಮತ್ತು ಸ್ನಾಯುಗಳು. ಎಚ್‌ಐವಿ ಇರುವವರಲ್ಲಿ ಈ ಐದರಲ್ಲಿ ಯಾವುದು ಬೇಕಾದರೂ ಕೆಡಬಹುದು. ಎಲ್ಲವೂ ಹೊರಗಿನಿಂದ ನೋಡುವವರಿಗೆ ಒಂದೇ ಬಗೆಯ ತೂರಾಟದಂತೆ ಕಾಣುತ್ತವೆ. ಪರೀಕ್ಷಿಸುವವರ ಕಣ್ಣಿಗೆ ಅವು ಬೇರೆ ಬೇರೆ.

‘ಎಚ್‌ಐವಿ ಮೆದುಳಿಗೆ ಏರಿತೇ’ ಎಂದು ಕೇಳಿದ್ದೀರಿ. ನಿಜ ಹೇಳಬೇಕೆಂದರೆ ಅದು ಸೋಂಕು ತಗುಲಿದ ಕೆಲವು ವಾರಗಳಲ್ಲೇ ಬಹುತೇಕ ಎಲ್ಲರ ಮೆದುಳಿಗೂ ತಲುಪಿರುತ್ತದೆ. ಸೋಂಕಿತ ಬಿಳಿ ರಕ್ತಕಣಗಳ ಒಳಗೆ ಅಡಗಿಕೊಂಡು ಅದು ಮೆದುಳಿನ ಕಾವಲನ್ನು ದಾಟುತ್ತದೆ. ಆದರೆ ಅದು ನರಕೋಶದೊಳಗೆ ನುಗ್ಗುವುದಿಲ್ಲ. ನರಕೋಶಗಳ ಪಕ್ಕದಲ್ಲಿರುವ ರಕ್ಷಕ ಕೋಶಗಳಲ್ಲಿ ಮನೆ ಮಾಡುತ್ತದೆ. ಅಲ್ಲಿಂದ ಹೊಮ್ಮುವ ವಿಷಕಾರಿ ಪದಾರ್ಥಗಳು ಮತ್ತು ಉರಿಯೂತ ನರಕೋಶಗಳನ್ನು ಬಳಲಿಸುತ್ತವೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುವವರಲ್ಲಿ ಈ ಕೆಡುಕು ಬಹುಮಟ್ಟಿಗೆ ಹತೋಟಿಯಲ್ಲಿರುತ್ತದೆ. ಆದ್ದರಿಂದ ಏರಿದೆಯೇ ಎಂಬುದಕ್ಕಿಂತ, ಅಲ್ಲಿ ಈಗ ಏನಾಗುತ್ತಿದೆ ಎಂಬುದು ಮುಖ್ಯ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದ ಮೊದಲ ಮಾತು ‘ಕತ್ತಲಾದರೆ’ ಎಂಬುದು. ಕಾಲು ಎಲ್ಲಿದೆ, ನೆಲ ಮೆತ್ತಗಿದೆಯೇ ಗಟ್ಟಿಯಿದೆಯೇ ಎಂಬ ಸುದ್ದಿಯನ್ನು ಪಾದದ ನರಗಳು ಮೆದುಳಿಗೆ ಕಳಿಸುತ್ತಲೇ ಇರುತ್ತವೆ. ಆ ಸುದ್ದಿ ತಲುಪದಿದ್ದರೆ ಮೆದುಳು ಕಣ್ಣನ್ನು ನೆಚ್ಚಿಕೊಳ್ಳುತ್ತದೆ. ಬೆಳಕಿರುವಾಗ ಹೇಗೋ ನಡೆಯುತ್ತದೆ. ಕತ್ತಲಾದರೆ ಆಸರೆ ತಪ್ಪುತ್ತದೆ. ಇಂಥವರನ್ನು ನಾನು ಯಾವಾಗಲೂ ಕೇಳುವ ಪ್ರಶ್ನೆಯೊಂದಿದೆ: ಬೆಳಿಗ್ಗೆ ಮುಖ ತೊಳೆಯುವಾಗ ಏನಾಗುತ್ತದೆ? ಮುಖಕ್ಕೆ ಸೋಪು ಹಚ್ಚಿ, ಕಣ್ಣು ಮುಚ್ಚಿ, ತುಸು ಮುಂದಕ್ಕೆ ಬಾಗಿದ ಆ ಕ್ಷಣದಲ್ಲಿ ಅವರು ಮುಗ್ಗರಿಸುತ್ತಾರೆ, ಥಟ್ಟನೆ ನಲ್ಲಿಯನ್ನೋ ಬೇಸಿನ್ನನ್ನೋ ಹಿಡಿದುಕೊಳ್ಳುತ್ತಾರೆ. ಒಬ್ಬರಂತೂ ಹಣೆಗೆ ಎರಡು ಹೊಲಿಗೆ ಹಾಕಿಸಿಕೊಂಡು ಬಂದಿದ್ದರು, ಕಾಲು ಜಾರಿತು ಎಂದೇ ಅವರ ನಂಬಿಕೆ. ನೆಲ ಒಣಗಿತ್ತು. ಇನ್ನೊಂದು ಪ್ರಶ್ನೆ ಚಪ್ಪಲಿಯದು. ಪಾದದ ಸ್ಪರ್ಶ ಹೋದವರಿಗೆ ಚಪ್ಪಲಿ ಕಳಚಿ ಹಿಂದೆ ಉಳಿದದ್ದೇ ತಿಳಿಯುವುದಿಲ್ಲ; ಬರಿಗಾಲಿನಲ್ಲಿ ನಾಲ್ಕು ಹೆಜ್ಜೆ ಹೋದ ಮೇಲೆ ಯಾರೋ ಕರೆದು ಹೇಳುತ್ತಾರೆ.

ಎಚ್‌ಐವಿ ಇರುವವರ ನರಮಂಡಲದ ತೊಂದರೆಗಳಲ್ಲಿ ಅತಿ ಸಾಮಾನ್ಯವಾದದ್ದು ಈ ಪಾದದ ನರಗಳ ಬಾಧೆ. ಎರಡೂ ಅಂಗಾಲುಗಳಲ್ಲಿ ಉರಿ, ಜೋಮು, ರಾತ್ರಿ ಹೊದಿಕೆ ತಾಗಿದರೂ ನೋವು. ನಿಧಾನವಾಗಿ ಅದು ಕಣಕಾಲಿಗೆ ಹತ್ತುತ್ತದೆ. ವೈರಸ್‌ನಿಂದಲೂ ಇದು ಬರುತ್ತದೆ, ಹಳೆಯ ಔಷಧಿಗಳಿಂದಲೂ ಬರುತ್ತಿತ್ತು. ನಿಮ್ಮ ತಮ್ಮ ಚಿಕಿತ್ಸೆ ಆರಂಭಿಸಿದ 2009ರಲ್ಲಿ ಸ್ಟಾವುಡಿನ್ ಎಂಬ ಔಷಧಿ ಇನ್ನೂ ವ್ಯಾಪಕ ಬಳಕೆಯಲ್ಲಿತ್ತು. ನರಗಳ ಶಕ್ತಿಕೇಂದ್ರಗಳನ್ನೇ ಕೆಡಿಸುವ ಔಷಧಿ ಅದು. ಅದೇ ವರ್ಷದ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಹಂತಹಂತವಾಗಿ ಬಿಡುವಂತೆ ಸೂಚಿಸಿತು. ಅವರಿಗೆ ಆಗ ಅದನ್ನು ಕೊಟ್ಟಿದ್ದರೇ ಎಂಬುದನ್ನು ಹಳೆಯ ಚೀಟಿಗಳಲ್ಲಿ ನೋಡಿ.

ಆದರೆ ಇಲ್ಲೊಂದು ವಿವೇಚನೆ ಬೇಕು. ಸ್ಟಾವುಡಿನ್ ಬಿಟ್ಟ ಮೇಲೆ ಕೆಲವು ವಾರ ತೊಂದರೆ ಹೆಚ್ಚಬಹುದು, ಆಮೇಲೆ ಅದು ನಿಲ್ಲುತ್ತದೆ ಅಥವಾ ಸ್ವಲ್ಪ ಇಳಿಯುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು, ಈಗ ಐದು ತಿಂಗಳಿಂದ ಹೊಸದಾಗಿ ಕೆಡುವುದು ಅದರ ಗುಣವಲ್ಲ. ಹಳೆಯ ಗಾಯದ ಮೇಲೆ ಹೊಸದೇನೋ ಬಂದು ಕೂತಿರಬೇಕು. ಇನ್ನೂ ಒಂದು ಸೂಕ್ಷ್ಮವಿದೆ. ಎಚ್‌ಐವಿಯ ಪಾದದ ಬಾಧೆ ಹೆಚ್ಚಾಗಿ ತೆಳು ನರತಂತುಗಳದು. ಅದರಲ್ಲಿ ಉರಿ ಹೆಚ್ಚು, ತೂರಾಟ ಕಡಿಮೆ. ಗೋಡೆ ಹಿಡಿಯುವಷ್ಟು ತೂರಾಟ ಬಂದಿದೆ ಎಂದರೆ ದಪ್ಪ ತಂತುಗಳು ಅಥವಾ ಬೆನ್ನುಹುರಿಯ ಹಿಂಭಾಗ ಕೆಟ್ಟಿರುವ ಸಾಧ್ಯತೆ ಬಲವಾಗಿದೆ. ಆದ್ದರಿಂದ ನನ್ನ ಮನಸ್ಸು ಮೊದಲು ಹೋಗುವುದು ಬೆನ್ನುಹುರಿಯ ಕಡೆಗೆ.

ಇಲ್ಲಿಯೇ ಬಿ12ರ ಮಾತು ಬರುತ್ತದೆ. ಬಿ12 ಕೊರತೆಯಾದರೆ ಬೆನ್ನುಹುರಿಯ ಹಿಂಭಾಗ ಮತ್ತು ಪಕ್ಕದ ಭಾಗಗಳು ಸವೆಯುತ್ತವೆ. ಎಚ್‌ಐವಿ ಹತೋಟಿ ತಪ್ಪಿದಾಗ ಬರುವ ಬೆನ್ನುಹುರಿಯ ಕಾಯಿಲೆಯೂ ಅದೇ ಭಾಗಗಳನ್ನು ಹಿಡಿಯುತ್ತದೆ. ಸೂಕ್ಷ್ಮದರ್ಶಕದಡಿ ಹುರಿಯಲ್ಲಿ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಎರಡೂ ಅವಳಿಗಳಂತೆ: ಕಾಲು ಬಿಗಿಯುವುದು, ಸಮತೋಲನ ತಪ್ಪುವುದು, ಮೂತ್ರ ಬಂದರೆ ತಡೆಯಲಾಗದಿರುವುದು. ಈ ಎರಡನೆಯ ಕಾಯಿಲೆ ಪರಿಣಾಮಕಾರಿ ಸಂಯೋಜಿತ ಚಿಕಿತ್ಸೆ 1996ರ ಹೊತ್ತಿಗೆ ಬಂದ ನಂತರ ಬಹಳ ವಿರಳವಾಗಿದೆ. ಸಿಡಿ4 430 ಇದ್ದು ವೈರಸ್ ಅಡಗಿರುವವರಲ್ಲಿ ಅದು ಹೊಸದಾಗಿ ಕಾಣಿಸಿಕೊಳ್ಳುವುದು ಅಪರೂಪ. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಇಳಿಯುವುದು ಮಾತ್ರ ಎಲ್ಲರಿಗೂ ಗೊತ್ತಿರುವ ಸಂಗತಿ. ಜೊತೆಗೆ ಈಗಿನ ಎಚ್‌ಐವಿ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಇದ್ದರೆ, ಅದು ರಕ್ತದಲ್ಲಿ ಮೆಟ್‌ಫಾರ್ಮಿನ್ ಪ್ರಮಾಣವನ್ನು ಏರಿಸುತ್ತದೆ. ಮೆಟ್‌ಫಾರ್ಮಿನ್ ಎಷ್ಟು ಮಿಲಿಗ್ರಾಂ ನಡೆಯುತ್ತಿದೆ ಎಂದು ವೈದ್ಯರು ಮರುಪರಿಶೀಲಿಸಬೇಕು.

ಹಾಗಾದರೆ ಆ ವೈದ್ಯರು ಬಿ12 ಕೊಟ್ಟದ್ದು ಸರಿಯೇ ಅಲ್ಲವೇ ಎಂದು ನೀವು ಕೇಳಬಹುದು. ಔಷಧಿ ಸರಿ ಇರಬಹುದು, ಅನುಕ್ರಮ ತಪ್ಪಿತು. ಚುಚ್ಚುಮದ್ದಿಗೆ ಮೊದಲು ರಕ್ತ ತೆಗೆದು ಬಿ12 ಮಟ್ಟ ನೋಡಬೇಕಿತ್ತು. ಒಮ್ಮೆ ಚುಚ್ಚಿದ ಮೇಲೆ ಮಟ್ಟ ಏರಿಬಿಡುತ್ತದೆ, ಕೊರತೆ ಇತ್ತೇ ಇಲ್ಲವೇ ಎಂಬುದು ಮಸುಕಾಗುತ್ತದೆ. ಈಗಲೂ ಚುಚ್ಚುಮದ್ದು ನಿಲ್ಲಿಸಬೇಡಿ. ಕೊರತೆಯೇ ಕಾರಣವಾಗಿದ್ದರೆ ಚೇತರಿಕೆ ವಾರಗಳಲ್ಲಿ ಶುರುವಾಗಿ ತಿಂಗಳುಗಟ್ಟಲೆ ನಡೆಯುತ್ತದೆ. ಎಷ್ಟು ತಡವಾಗಿ ಶುರು ಮಾಡಿದರೋ ಅಷ್ಟು ಕಡಿಮೆ ಮರಳುತ್ತದೆ. ಹಾಗೆಂದು ಚುಚ್ಚುಮದ್ದು ನಡೆಯುತ್ತಿದೆಯಲ್ಲ ಎಂದು ಉಳಿದ ಹುಡುಕಾಟವನ್ನು ಬಿಡುವಂತಿಲ್ಲ. ಬೆನ್ನುಮೂಳೆಯ ಕ್ಷಯವಾಗಲಿ, ಕತ್ತಿನ ಮೂಳೆಯ ಸವೆತವಾಗಲಿ ಬೆನ್ನುಹುರಿಯನ್ನು ಒತ್ತುತ್ತಿದ್ದರೆ ಯಾವ ವಿಟಮಿನ್ನೂ ಅದನ್ನು ಬಿಡಿಸದು. ಹುರಿ ಕೆಟ್ಟಿರುವ ಸುಳಿವು ಮನೆಯಲ್ಲೇ ಸಿಗುತ್ತದೆ: ಅವರ ಚಪ್ಪಲಿಯ ಮುಂತುದಿ ಹಿಮ್ಮಡಿಗಿಂತ ಹೆಚ್ಚು ಸವೆದಿದೆಯೇ ನೋಡಿ. ಬಿಗಿದ ಕಾಲು ನೆಲ ಬಿಟ್ಟು ಪೂರ್ತಿ ಏಳುವುದಿಲ್ಲ, ತುದಿ ಉಜ್ಜುತ್ತಲೇ ಇರುತ್ತದೆ.

ವೈದ್ಯರು ಇದನ್ನು ಒಂದು ಸಣ್ಣ ಸುತ್ತಿಗೆಯಿಂದ ಬೇರ್ಪಡಿಸುತ್ತಾರೆ. ಹಿಮ್ಮಡಿಯ ಮೇಲೆ ಬಡಿದಾಗ ಪಾದ ಕದಲದಿದ್ದರೆ ನರದ ಬಾಧೆ. ಮೊಣಕಾಲಿನ ಕೆಳಗೆ ಬಡಿದಾಗ ಕಾಲು ಅತಿಯಾಗಿ ಚಿಮ್ಮಿದರೆ ಬೆನ್ನುಹುರಿಯದೋ ಮೆದುಳಿನದೋ ದೋಷ. ಹಿಮ್ಮಡಿ ಸುಮ್ಮನಿದ್ದು ಮೊಣಕಾಲು ಚಿಮ್ಮಿದರೆ ಎರಡೂ ಕೂಡಿವೆ ಎಂದರ್ಥ, ಆಗ ಬಿ12 ಕೊರತೆ ಅನುಮಾನದ ಪಟ್ಟಿಯಲ್ಲಿ ಮೇಲಕ್ಕೇರುತ್ತದೆ. ಕಂಪಿಸುವ ಟ್ಯೂನಿಂಗ್ ಫೋರ್ಕನ್ನು ಕಾಲಿನ ಹೆಬ್ಬೆರಳ ಮೇಲಿಟ್ಟು ‘ತಿಳಿಯುತ್ತಿದೆಯೇ’ ಎಂದು ಕೇಳುತ್ತಾರೆ. ಕಾಲು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸುತ್ತಾರೆ. ಹತ್ತು ನಿಮಿಷದ ಈ ಪರೀಕ್ಷೆ ಯಾವ ದುಬಾರಿ ಸ್ಕ್ಯಾನ್‌ಗಿಂತಲೂ ಮೊದಲು ಆಗಬೇಕಾದದ್ದು. ನಿಮ್ಮ ತಮ್ಮನಿಗೆ ಯಾರಾದರೂ ಇದನ್ನು ಮಾಡಿದ್ದಾರೆಯೇ ಎಂಬುದು ಪತ್ರದಿಂದ ತಿಳಿಯುವುದಿಲ್ಲ.

ಇನ್ನು ಅಂಗಿಯ ಗುಂಡಿ. ಗುಂಡಿ ಹಾಕಲು ತಡವಾಗುವುದಕ್ಕೆ ಬೆರಳಿನ ಸ್ಪರ್ಶ ಕುಂದಿರುವುದೂ ಕಾರಣವಿರಬಹುದು, ಕತ್ತಿನ ಭಾಗದಲ್ಲಿ ಬೆನ್ನುಹುರಿ ಒತ್ತಿಕೊಂಡಿರುವುದೂ ಕಾರಣವಿರಬಹುದು. ಆದರೆ ಬೆರಳುಗಳು ಸರಿಯಾದ ಜಾಗಕ್ಕೇ ಹೋಗುತ್ತಿದ್ದು, ಎಲ್ಲ ನಿಧಾನವಾಗಿದ್ದರೆ, ಮೆದುಳಿನ ಆಳದ ತಳಗಂಟುಗಳ ಕಡೆ ನೋಡಬೇಕು. ಎಚ್‌ಐವಿಯಿಂದ ಮೆದುಳು ಬಳಲಿದಾಗ ಮೊದಲು ಏಟು ಬೀಳುವ ಜಾಗಗಳಲ್ಲಿ ಅದೂ ಒಂದು. ನೆನಪು ಕುಂದುವ ಮೊದಲೇ ಚಲನೆ ನಿಧಾನವಾಗುವುದುಂಟು: ಮಾತು ಮೆಲ್ಲಗಾಗುತ್ತದೆ, ಅಕ್ಷರ ಕೆಡುತ್ತದೆ, ನಡೆಯುವಾಗ ತಿರುಗಲು ಹೆಚ್ಚು ಹೆಜ್ಜೆ ಬೇಕಾಗುತ್ತವೆ.

ಇದನ್ನು ಅಳೆಯಲು 2005ರಲ್ಲಿ ಪ್ರಕಟವಾದ ಸರಳ ಪರೀಕ್ಷೆಯೊಂದಿದೆ, ಓದುಬರಹ ಬಾರದವರಿಗೂ ಮಾಡಬಹುದು. ನಾಲ್ಕು ಪದಗಳನ್ನು ಹೇಳಿ ನೆನಪಿಟ್ಟುಕೊಳ್ಳಲು ಹೇಳುತ್ತೇವೆ. ನಂತರ ಎಡಗೈಯ (ಎಡಚರಾದರೆ ಬಲಗೈಯ) ಹೆಬ್ಬೆರಳು ಮತ್ತು ತೋರುಬೆರಳನ್ನು ಅಗಲವಾಗಿ ತೆರೆದು, ಆದಷ್ಟು ಬೇಗ ತಟ್ಟಲು ಹೇಳುತ್ತೇವೆ. 5 ಸೆಕೆಂಡಿನಲ್ಲಿ 15 ಸಲ ತಟ್ಟಿದರೆ ಪೂರ್ಣ ಅಂಕ. ಆಮೇಲೆ ಕೈಯನ್ನು ಮೇಜಿನ ಮೇಲೆ ಮುಷ್ಟಿಯಾಗಿ, ಅಂಗೈ ಮಾಡಿ, ಅಂಚಿನ ಮೇಲೆ ನಿಲ್ಲಿಸಿ, ಹೀಗೆ ಸರತಿಯಲ್ಲಿ 10 ಸೆಕೆಂಡು. ಕೊನೆಗೆ ಆ ನಾಲ್ಕು ಪದಗಳು. ಒಟ್ಟು 12 ಅಂಕ. 10 ಅಥವಾ ಅದಕ್ಕಿಂತ ಕಡಿಮೆ ಬಂದರೆ ವಿವರವಾದ ತಪಾಸಣೆ ಬೇಕು. ಬೆರಳು ತಟ್ಟುವುದನ್ನು ಹತ್ತಿರದಿಂದ ನೋಡಿದರೆ ಬಹಳ ತಿಳಿಯುತ್ತದೆ. ಆರೋಗ್ಯವಂತರ ಬೆರಳು ಕೊನೆಯವರೆಗೆ ಒಂದೇ ಅಗಲಕ್ಕೆ ತೆರೆಯುತ್ತದೆ. ತಳಗಂಟು ಸೋತವರಲ್ಲಿ ಪ್ರತಿ ತಟ್ಟಿಗೂ ಬೆರಳುಗಳ ನಡುವಿನ ಅಂತರ ಕಿರಿದಾಗುತ್ತಾ, ಕೊನೆಗೆ ಎರಡೂ ಅಂಟಿಕೊಂಡಂತೆ ನಡುಗುತ್ತವೆ. ಕಿರುಮೆದುಳು ಸೋತವರಲ್ಲಿ ಲಯವೇ ತಪ್ಪುತ್ತದೆ, ಬೆರಳು ಒಮ್ಮೆ ಗುರಿಗೆ ತಾಗಿ ಒಮ್ಮೆ ಪಕ್ಕಕ್ಕೆ ಹೋಗುತ್ತದೆ.

ಈ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಮರೆಗುಳಿತನ ಬಂದೇಬಿಟ್ಟಿತು ಎಂದು ಗಾಬರಿಯಾಗಬೇಡಿ. ಇದು ಜರಡಿಯಷ್ಟೇ. ಮಾತ್ರೆ ತೆಗೆದುಕೊಳ್ಳುವವರಲ್ಲಿ ಈಗ ಕಾಣುವುದು ಹೆಚ್ಚಾಗಿ ಸೌಮ್ಯ ರೂಪಗಳು. ಆದರೆ ರಕ್ತದಲ್ಲಿ ವೈರಸ್ ಕಾಣದಿದ್ದರೂ ಮೆದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಅದು ಬೆಳೆಯುತ್ತಿರುವ ಅಪರೂಪದ ಪ್ರಸಂಗಗಳಿವೆ. ಅಂಥವರಲ್ಲಿ ತೂರಾಟ, ನಡುಕ, ಮಂಕುತನ ಕೆಲವು ವಾರ ತಿಂಗಳುಗಳಲ್ಲಿ ಬೆಳೆಯುತ್ತವೆ. ಬೆನ್ನಿನಿಂದ ನೀರು ತೆಗೆದು ಅದರಲ್ಲಿ ವೈರಸ್ ಎಣಿಸಿದರೆ ಮಾತ್ರ ಇದು ಪತ್ತೆಯಾಗುತ್ತದೆ. ಪತ್ತೆಯಾದರೆ ಔಷಧಿಗಳನ್ನು ಬದಲಾಯಿಸಿ ಬಹಳಷ್ಟು ಜನರನ್ನು ಸುಧಾರಿಸಬಹುದು. ‘ರಕ್ತದ ವರದಿ ಚೆನ್ನಾಗಿದೆ, ಏನೂ ಇಲ್ಲ’ ಎಂಬ ಸಮಾಧಾನವನ್ನು ನಾನು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ. ಅಲ್ಲದೆ ನಿಮ್ಮ ತಮ್ಮನ ವರದಿ ಕಳೆದ ವರ್ಷದ್ದು. ಈ ವಾರವೇ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಮತ್ತು ಸಿಡಿ4 ಮತ್ತೊಮ್ಮೆ ಮಾಡಿಸಿ. ಮಾತ್ರೆ ತಪ್ಪಿಸಿಕೊಂಡ ದಿನಗಳಿದ್ದರೆ ಅದನ್ನು ಬೈಯದೆ ಕೇಳಿ ತಿಳಿದುಕೊಳ್ಳಿ. ಬೈದರೆ ನಿಜ ಹೊರಬರುವುದಿಲ್ಲ. ಆಂಟಾಸಿಡ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಡೊಲುಟೆಗ್ರಾವಿರ್ ಜೊತೆಗೇ ನುಂಗುತ್ತಿದ್ದರೆ ಅದು ದೇಹಕ್ಕೆ ಸರಿಯಾಗಿ ಹೀರಿಕೆಯಾಗದು, ಅದನ್ನೂ ಕೇಳಿ.

ಕುಡಿದವರಂತೆ ಕಾಣುತ್ತಾನೆ ಎಂದಿದ್ದೀರಿ. ಮದ್ಯ ನೇರವಾಗಿ ಏಟು ಕೊಡುವುದು ಕಿರುಮೆದುಳಿಗೆ. ಅದು ಬೇರೆ ಕಾರಣದಿಂದ ಕೆಟ್ಟರೂ ಕಾಲು ಅಗಲಿಸಿ ನಡೆಯುವುದು, ತೊದಲುವುದು, ಲೋಟ ತುಟಿಗೆ ತರುವಾಗ ಕೈ ಓಲಾಡುವುದು ಎಲ್ಲ ಹಾಗೆಯೇ ಕಾಣುತ್ತದೆ. ವರ್ಷಗಟ್ಟಲೆ ಕುಡಿದಿದ್ದವರಲ್ಲಿ ಬಿಟ್ಟ ಮೇಲೂ ಹಳೆಯ ಹಾನಿ ಉಳಿದಿರಬಹುದು, ಆದರೆ ಹತ್ತು ವರ್ಷದ ನಂತರ ಅದು ಹೊಸದಾಗಿ ಬೆಳೆಯುವುದಿಲ್ಲ. ಎಚ್‌ಐವಿ ಇರುವವರಲ್ಲಿ ಕಿರುಮೆದುಳಿನ ತೊಂದರೆ ಕಂಡಾಗ ನಾವು ಹೆದರುವುದು ಜೆಸಿ ವೈರಸ್‌ಗೆ. ಬಹುಪಾಲು ಜನರ ದೇಹದಲ್ಲಿ ಅದು ಸುಮ್ಮನೆ ಮಲಗಿರುತ್ತದೆ. ರೋಗನಿರೋಧಕ ಶಕ್ತಿ ಕುಸಿದಾಗ, ಸಾಮಾನ್ಯವಾಗಿ ಸಿಡಿ4 200ಕ್ಕಿಂತ ಇಳಿದಾಗ, ಎದ್ದು ನರಗಳ ಹೊದಿಕೆಯನ್ನು ಕಿತ್ತುಹಾಕುತ್ತದೆ. ಅದಕ್ಕೆಂದೇ ಬೇರೆ ಔಷಧಿಯಿಲ್ಲ. ಎಚ್‌ಐವಿ ಚಿಕಿತ್ಸೆಯಿಂದ ಸಿಡಿ4 ಮೇಲೇರಿಸುವುದೇ ಮದ್ದು. 430 ಇರುವವರಲ್ಲಿ ಇದರ ಸಾಧ್ಯತೆ ಕಡಿಮೆ.

ಔಷಧಿಗಳಲ್ಲಿ ಕಿರುಮೆದುಳನ್ನು ಕೆಣಕುವಂಥವು ಎರಡನ್ನು ನೆನಪಿಡಿ. ಒಂದು ಎಚ್‌ಐವಿಗೆ ಕೊಡುವ ಎಫಾವಿರೆಂಜ್. ಶುರುವಿನಲ್ಲಿ ತಲೆಸುತ್ತು ತರುವುದು ಎಲ್ಲರಿಗೂ ಗೊತ್ತು. ಅದನ್ನು ನಿಧಾನವಾಗಿ ಕರಗಿಸುವ ಜೀನ್ ಇರುವ ಕೆಲವರಲ್ಲಿ ತಿಂಗಳು ವರ್ಷಗಳ ನಂತರವೂ ರಕ್ತದಲ್ಲಿ ಮಟ್ಟ ಏರಿ ತೂರಾಟ, ಮಂಕುತನ, ತೂಕ ಇಳಿತ ಕಾಣಿಸಿಕೊಳ್ಳುತ್ತವೆ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಜೊತೆಯಾದರೆ ಇನ್ನೂ ಹೆಚ್ಚು. ಔಷಧಿ ಬದಲಿಸಿದರೆ ಸುಧಾರಿಸುತ್ತದೆ. ಎರಡನೆಯದು ಫಿಟ್ಸ್‌ಗೆ ಕೊಡುವ ಫೆನಿಟಾಯಿನ್: ಪ್ರಮಾಣ ಹೆಚ್ಚಾದರೆ ತೂರಾಟ ತರುತ್ತದೆ, ಸಾಲದೆಂಬಂತೆ ಹಲವು ಎಚ್‌ಐವಿ ಔಷಧಿಗಳ ಬಲವನ್ನೂ ಕುಗ್ಗಿಸುತ್ತದೆ. ಐಸೋನಿಯಾಜಿಡ್ ತಾನಾಗಿಯೂ ಪಾದದ ನರಗಳನ್ನು ಕೆಡಿಸಬಲ್ಲದು. ಅದರ ಜೊತೆ ಬಿ6 ವಿಟಮಿನ್ ಕೊಡುವುದು ಅದಕ್ಕಾಗಿಯೇ.

ಇದೇ ಸಾಲಿಗೆ ಸೇರುವ, ನನ್ನದೇ ತಪ್ಪೊಂದನ್ನು ಹೇಳಲೇಬೇಕು. ವೃತ್ತಿಗೆ ಬಂದ ಹೊಸತರಲ್ಲಿ, ಎಚ್‌ಐವಿ ತೀವ್ರವಾಗಿದ್ದ ಮಹಿಳೆಯೊಬ್ಬರಿಗೆ ವಾಂತಿ ನಿಲ್ಲಲೆಂದು ಮೆಟೊಕ್ಲೊಪ್ರಮೈಡ್ ಬರೆದಿದ್ದೆ. ನಾಲ್ಕನೆಯ ದಿನ ಅವರು ಕುರ್ಚಿಯಿಂದ ಏಳಲಾರದಷ್ಟು ಬಿಗಿದುಕೊಂಡಿದ್ದರು, ಮುಖದಲ್ಲಿ ಭಾವನೆಯೇ ಇರಲಿಲ್ಲ. ಕಾಯಿಲೆ ಉಲ್ಬಣಿಸಿತು ಎಂದುಕೊಂಡೆ. ಹಿರಿಯರೊಬ್ಬರು ಔಷಧಿಯ ಪಟ್ಟಿ ನೋಡಿ ಅದನ್ನು ನಿಲ್ಲಿಸಿದರು, ಕೆಲವು ವಾರಗಳಲ್ಲಿ ಆಕೆ ಎದ್ದು ನಡೆದರು. ಎಚ್‌ಐವಿಯಿಂದ ಬಳಲಿದ ತಳಗಂಟುಗಳಲ್ಲಿ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ಮೊದಲೇ ಕಡಿಮೆಯಿರುತ್ತದೆ. ಅದನ್ನು ತಡೆಯುವ ಮೆಟೊಕ್ಲೊಪ್ರಮೈಡ್, ಪ್ರೋಕ್ಲೋರ್‌ಪೆರಜಿನ್, ಹ್ಯಾಲೊಪೆರಿಡಾಲ್‌ನಂತಹ ಔಷಧಿಗಳು ಇಂಥವರಿಗೆ ಬಹಳ ಬೇಗ ನಾಟುತ್ತವೆ. ತಲೆಸುತ್ತಿಗೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆಗಳಲ್ಲೂ ಇಂಥವು ಇರುತ್ತವೆ. ನಿಮ್ಮ ತಮ್ಮ ತೂರಾಟಕ್ಕೆಂದು ಅಂಥದ್ದೇನಾದರೂ ನುಂಗುತ್ತಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ.

ವೇಗದ ಮಾತಿಗೆ ಬರೋಣ. ಐದು ತಿಂಗಳ ನಿಧಾನ ಬೆಳವಣಿಗೆ ಎಂದರೆ ಈ ರಾತ್ರಿಯೇ ಓಡಬೇಕಾದ ತುರ್ತಿಲ್ಲ, ಒಂದೆರಡು ವಾರಗಳೊಳಗೆ ನರರೋಗ ತಜ್ಞರನ್ನು ಕಾಣಬೇಕು. ಆದರೆ ಕೆಲವು ಚಿಹ್ನೆಗಳು ಕಂಡರೆ ಅದೇ ಗಳಿಗೆಯಲ್ಲಿ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ಯಿರಿ: ಒಂದು ಪಕ್ಕದ ಕೈಕಾಲು ಸೋಲುವುದು, ಬಾಯಿ ಸೊಟ್ಟಗಾಗುವುದು, ಜ್ವರದ ಜೊತೆ ತಲೆನೋವು, ಫಿಟ್ಸ್, ಮಂಪರು, ಕೆಲವೇ ದಿನಗಳಲ್ಲಿ ಕಾಲಿನಿಂದ ಮೇಲಕ್ಕೇರುವ ಶಕ್ತಿಹೀನತೆ, ಇದ್ದಕ್ಕಿದ್ದಂತೆ ಮೂತ್ರ ಕಟ್ಟುವುದು. ಪಾರ್ಶ್ವವಾಯು, ಮೆದುಳು ಪೊರೆಯ ಕ್ಷಯ, ಕ್ರಿಪ್ಟೊಕಾಕಸ್ ಶಿಲೀಂಧ್ರದ ಸೋಂಕು, ಗಿಲನ್-ಬಾರೆ ಎಂಬ ನರಗಳ ಕಾಯಿಲೆ ಹೀಗೆ ಬರುತ್ತವೆ. ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ಇಂಥದ್ದರಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವ ಯುವಕನೊಬ್ಬನಿದ್ದಾನೆ. ಅವನ ಬಲಗೈ ತನ್ನಷ್ಟಕ್ಕೆ ಎಸೆದಂತೆ ಹಾರುತ್ತಿತ್ತು, ಹಿಡಿದುಕೊಂಡರೆ ಹಿಡಿದವರನ್ನೂ ಎಳೆಯುತ್ತಿತ್ತು. ನಿದ್ದೆ ಬಂದಾಗ ಮಾತ್ರ ನಿಲ್ಲುತ್ತಿತ್ತು. ಮನೆಯವರು ಇದು ಮಾನಸಿಕ ಎಂದುಕೊಂಡು ಎರಡು ವಾರ ಕಳೆದಿದ್ದರು. ಎಂಆರ್‌ಐಯಲ್ಲಿ ಎಡಭಾಗದ ತಳಗಂಟಿನ ಬಳಿ ಉಂಗುರದಂತೆ ಹೊಳೆಯುವ ಗಾಯ ಕಂಡಿತು: ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಸೋಂಕು. ಎಚ್‌ಐವಿ ಇರುವುದೇ ಆಗ ಗೊತ್ತಾಯಿತು, ಸಿಡಿ4 100ರ ಒಳಗಿತ್ತು. ಕೋಟ್ರೈಮಾಕ್ಸಜೋಲ್ ಶುರುವಾದ ಎರಡನೆಯ ವಾರ ಆ ಕೈ ಮಡಿಲಲ್ಲಿ ಸುಮ್ಮನೆ ಮಲಗಿತ್ತು. ಅವನ ತಾಯಿ ಆ ಕೈಯನ್ನೇ ನೋಡುತ್ತಾ ಕುಳಿತಿದ್ದರು. ಈ ಸೋಂಕನ್ನು ಅದೇ ಅಗ್ಗದ ಮಾತ್ರೆಯಿಂದ ತಡೆಯಲೂ ಬರುತ್ತದೆ.

ಹಾಗಾದರೆ ಪರೀಕ್ಷೆಗಳು ಯಾವುವು? ಮೇಲೆ ಹೇಳಿದ ಕೈಯಿಂದ ಮಾಡುವ ತಪಾಸಣೆ ಮೊದಲು. ರಕ್ತದಲ್ಲಿ ವೈರಲ್ ಲೋಡ್, ಸಿಡಿ4, ಬಿ12, ಸಕ್ಕರೆ, ಥೈರಾಯ್ಡ್, ಸಿಫಿಲಿಸ್. ಕೊನೆಯದಕ್ಕೆ ನಾಚಿಕೊಳ್ಳಬೇಡಿ, ಹಳೆಯ ಸಿಫಿಲಿಸ್ ಬೆನ್ನುಹುರಿಯ ಹಿಂಭಾಗವನ್ನು ಕೆಡಿಸಿ ಇದೇ ಬಗೆಯ ಕತ್ತಲೆಯ ತೂರಾಟ ತರುತ್ತದೆ. ಬಿ12 ಮಟ್ಟ ಈಗಾಗಲೇ ಏರಿದ್ದರೆ ಮೀಥೈಲ್‌ಮಲೋನಿಕ್ ಆಮ್ಲದ ಪರೀಕ್ಷೆಯಿಂದ ಕೆಲವೊಮ್ಮೆ ಸುಳಿವು ಸಿಗುತ್ತದೆ. ನಂತರ ಬೆನ್ನುಹುರಿಯ ಎಂಆರ್‌ಐ, ಕತ್ತಿನಿಂದ ಕೆಳಗಿನವರೆಗೆ, ಜೊತೆಗೆ ಮೆದುಳಿನದು. ಕಾರಣ ಸಿಗದಿದ್ದರೆ ಬೆನ್ನಿನಿಂದ ನೀರು ತೆಗೆಯುವುದು. ‘ಬೆನ್ನಿಗೆ ಸೂಜಿ ಹಾಕಿದರೆ ಕಾಲು ಹೋಗುತ್ತದೆ’ ಎಂಬ ಭಯ ಬಹಳ ಮನೆಗಳಲ್ಲಿದೆ. ಸೂಜಿ ಹಾಕುವ ಜಾಗದಲ್ಲಿ ಬೆನ್ನುಹುರಿ ಇರುವುದೇ ಇಲ್ಲ, ಅದು ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ.

ಕೊನೆಗೆ ಹಾಸಿಗೆ ಹಿಡಿಯುತ್ತಾನೆಯೇ ಎಂಬ ಪ್ರಶ್ನೆ. ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನೀವು ಬರೆದದ್ದನ್ನು ನೋಡಿದರೆ ನನಗೆ ಭರವಸೆಗೆ ಹೆಚ್ಚು ಕಾರಣಗಳು ಕಾಣುತ್ತವೆ. ಅವರು ಈಗಲೂ ನಡೆಯುತ್ತಿದ್ದಾರೆ, ಸಿಡಿ4 ಚೆನ್ನಾಗಿತ್ತು, ಅನುಮಾನದ ಪಟ್ಟಿಯ ಮೇಲ್ತುದಿಯಲ್ಲಿರುವ ಬಿ12 ಕೊರತೆ ಮತ್ತು ಸಕ್ಕರೆ ಕಾಯಿಲೆಯ ನರಬಾಧೆ ಎರಡಕ್ಕೂ ಮಾಡಲು ಬೇಕಾದಷ್ಟಿದೆ. ಸತ್ತ ನರಕೋಶ ಮರಳದಿದ್ದರೂ, ಕಳೆದುಹೋದ ಸುದ್ದಿಯ ಬದಲು ಬೇರೆ ದಾರಿಗಳನ್ನು ಬಳಸಲು ಮೆದುಳು ಕಲಿಯುತ್ತದೆ. ಅದನ್ನು ಕಲಿಸುವವರು ಫಿಸಿಯೋಥೆರಪಿ ತಜ್ಞರು. ರೋಗದ ಹೆಸರು ಸಿಗುವವರೆಗೆ ಅದಕ್ಕೆ ಕಾಯಬೇಕಿಲ್ಲ, ನಾಳೆಯೇ ಶುರು ಮಾಡಬಹುದು. ಗೋಡೆಯ ಪಕ್ಕ ಒಂಟಿಕಾಲಿನಲ್ಲಿ ನಿಲ್ಲುವುದು, ಹಿಮ್ಮಡಿಗೆ ಬೆರಳು ತಾಗಿಸಿ ಗೆರೆಯ ಮೇಲೆ ನಡೆಯುವುದು, ಕುರ್ಚಿಯಿಂದ ಕೈಯೂರದೆ ಏಳುವುದು. ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಮನೆಯಲ್ಲಿ ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಗಟ್ಟಿಯಾದ ಸರಳು, ಮುಖ ತೊಳೆಯಲು ಕುಳಿತುಕೊಳ್ಳುವ ಮಣೆ ಅಥವಾ ಸ್ಟೂಲು ಇರಲಿ. ಸಡಿಲ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿಯಿರುವುದು ಬೇಕು. ಸ್ಪರ್ಶ ಹೋದ ಪಾದಕ್ಕೆ ಬಿಸಿನೀರು, ಮೊಳೆ ಯಾವುದೂ ತಿಳಿಯುವುದಿಲ್ಲ, ದಿನವೂ ರಾತ್ರಿ ಅಂಗಾಲನ್ನು ಬೆಳಕಿನಲ್ಲಿ ನೋಡಿ. ಉರಿಗೆ ಗ್ಯಾಬಾಪೆಂಟಿನ್‌ನಂತಹ ಮಾತ್ರೆಗಳು ಕೆಲವರಿಗೆ ಒಗ್ಗುತ್ತವೆ, ಆದರೆ ಅವೇ ತೂರಾಟವನ್ನು ಹೆಚ್ಚಿಸಬಹುದು, ಅದಕ್ಕೇ ಕಡಿಮೆ ಪ್ರಮಾಣದಿಂದ ಶುರು ಮಾಡಬೇಕು.

ಕುಡಿದಿದ್ದಾನೆ ಎನ್ನುವವರಿಗೆ ‘ಅವನಿಗೆ ನರದ ತೊಂದರೆ ಇದೆ, ಚಿಕಿತ್ಸೆ ನಡೆಯುತ್ತಿದೆ’ ಎಂದರೆ ಸಾಕು. ಅದು ನಿಜವೇ. ಅದಕ್ಕಿಂತ ಹೆಚ್ಚು ತಿಳಿಯುವ ಹಕ್ಕು ಅವರಿಗಿಲ್ಲ, ಎಚ್‌ಐವಿ ವಿಷಯ ಯಾರಿಗೆ ಹೇಳಬೇಕು ಎಂಬುದು ನಿಮ್ಮ ತಮ್ಮ ಒಬ್ಬರೇ ತೀರ್ಮಾನಿಸುವ ಸಂಗತಿ.

ತಜ್ಞರ ಬಳಿ ಹೋಗುವಾಗ ಚೀಲದಲ್ಲಿ ಇವಿಷ್ಟು ಇರಲಿ: 2009ರಿಂದ ಈಚಿನ ಚೀಟಿಗಳಲ್ಲಿ ಸಿಕ್ಕಷ್ಟು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಮತ್ತು ಅವುಗಳ ಖಾಲಿ ಸ್ಟ್ರಿಪ್ಪುಗಳು, ಅಂಗಡಿಯಿಂದ ತಾವೇ ತಂದದ್ದೂ ಸೇರಿ. ಬಿ12 ಚುಚ್ಚಿಸಿಕೊಂಡ ತಾರೀಖುಗಳು. ಮೊಬೈಲ್‌ನಲ್ಲಿ ಎರಡು ಸಣ್ಣ ವಿಡಿಯೋ: ಹಗಲಿನಲ್ಲಿ ಹತ್ತು ಹೆಜ್ಜೆ ನಡೆದು ತಿರುಗಿ ಬರುವುದು, ಮತ್ತು ಅಂಗಿಯ ಗುಂಡಿ ಹಾಕಿಕೊಳ್ಳುವುದು. ಹೋಗುವ ದಿನ ಹೊಸ ಚಪ್ಪಲಿ ಬೇಡ, ದಿನವೂ ಹಾಕುವ ಹಳೆಯದನ್ನೇ ಹಾಕಿಕೊಂಡು ಹೋಗಲಿ.